ಅರವತ್ತು ಮಡಿಗಳ ಯಾದಿ

ಮೊರೊಗೊರೊ ಜಿಲ್ಲೆ, ತಾಂಜಾನಿಯಾ
ತಾ. ೧೨ ಜನವರಿ ೧೯೮೩

ಮಾತೃಸಮಾನಳಾದ ಅಕ್ಕ ಶೇಖರಮ್ಮನಿಗೆ ತಮ್ಮ ಕೊಟ್ರಬಸಪ್ಪನ ನಮಸ್ಕಾರಗಳು.

ಸುಖವಾಗಿ ಮುಟ್ಟಿದ್ದೇನೆ ಎಂದು ಬರೆಯಬೇಕು, ಆದ್ದರಿಂದ ಬರೆದಿದ್ದೇನೆ. ವಿಮಾನ ಇಳಿದ ಊರಿನಿಂದ ಎರಡು ದಿನ ಲಾರಿಯಂಥದೊಂದು ಗಾಡಿಯಲ್ಲಿ ಕುಳಿತು ಬಂದೆ. ಕೊಟ್ಟಿರುವ ಮನೆಗೆ ತಗಡಿನ ಹೊದಿಕೆ. ಮಧ್ಯಾಹ್ನ ಒಳಗೆ ಇರಲಾಗದು, ಸಂಜೆ ಸೊಳ್ಳೆಯಿಂದ ಹೊರಗೆ ಇರಲಾಗದು. ರೊಟ್ಟಿ ಎಂಬುದನ್ನು ಇವರು ಕಂಡಿಲ್ಲ. ಮೆಕ್ಕೆಜೋಳದ ಹಿಟ್ಟನ್ನು ಕುದಿಸಿ ಬಿಳಿ ಮುದ್ದೆ ಮಾಡುತ್ತಾರೆ. ಅದಕ್ಕೆ ರುಚಿ ಇಲ್ಲ, ಇದೆ ಎಂದು ಇವರು ನಂಬಿದ್ದಾರೆ.

ಕೆಲಸದ ಸಂಗತಿ ಹೀಗಿದೆ. ಹೊಳೆಯಿಂದ ಹೊಸದಾಗಿ ಕಾಲುವೆ ತೋಡಿ, ಅದರ ಕೆಳಗೆ ಅರವತ್ತು ಮಡಿ ಗದ್ದೆ ಮಾಡಿದ್ದಾರೆ. ಸಸಿ ಮಡಿ ಹಾಕಿ ನಾಟಿ ಮಾಡುವುದನ್ನು ಏಳು ತಿಂಗಳಲ್ಲಿ ಈ ಹಳ್ಳಿಗೆ ಕಲಿಸುವುದು ನನ್ನ ಹೊಣೆ. ಇದಕ್ಕಾಗಿ ಇಡೀ ರಾಯಚೂರು ಜಿಲ್ಲೆಯಿಂದ ನನ್ನೊಬ್ಬನನ್ನೇ ಆರಿಸಿ ಕಳಿಸಿದ್ದಾರೆ ಎಂಬುದನ್ನು ನೀನು ಊರಲ್ಲಿ ನಾಲ್ಕು ಜನಕ್ಕೆ ಹೇಳಿದರೆ ತಪ್ಪಲ್ಲ.

ಜನರ ಬಗ್ಗೆ ಹೇಳದಿರುವುದೇ ಒಳ್ಳೆಯದು. ಮಳೆ ಬಂದಾಗ ಬೀಜ ಎರಚಿ ಮನೆಗೆ ಹೋಗುತ್ತಾರೆ, ಬೆಳೆದರೆ ಕೊಯ್ಯುತ್ತಾರೆ. ಅದನ್ನೂ ಹೆಂಗಸರೇ ಮಾಡುತ್ತಾರೆ. ಗಂಡಸರು ಮೀನು ಹಿಡಿಯುವುದು, ಇದ್ದಿಲು ಸುಡುವುದು ಎಂದು ಅಡ್ಡಾಡುತ್ತಾರೆ. ಮೊದಲ ದಿನ ಮಾವಿನ ಮರಕ್ಕೆ ಬಣ್ಣದ ಚಿತ್ರಪಟ ಕಟ್ಟಿ ಒಂದು ತಾಸು ಪಾಠ ಹೇಳಿದೆ. ಇಲ್ಲಿ ಅಂಗಡಿ ಇಟ್ಟಿರುವ ಗುಜರಾತಿಯೊಬ್ಬ ನನ್ನ ಹಿಂದಿಯನ್ನು ಅವರ ಭಾಷೆಗೆ ತಿರುಗಿಸಿದ. ಎಲ್ಲ ಮುಗಿದ ಮೇಲೆ ಒಬ್ಬ ಹೆಂಗಸು ಎದ್ದು ನಿಂತು, "ಇವ ಚಿತ್ರ ತಗಿಯಾಂವನೋ, ಬೇಸಾಯದಾಂವನೋ?" ಎಂದು ಕೇಳಿದಳಂತೆ. ಎಲ್ಲರೂ ನಕ್ಕರು. ಅವಳ ಹೆಸರು ಹವಾ. ಗೌರವಕ್ಕೆ 'ಬಿ ಹವಾ' ಎನ್ನುತ್ತಾರೆ. ನಾನು ನಮ್ಮೂರ ಬಾನುಬೀಯ ಹಾಗೆ ಹವಾಬೀ ಎನ್ನುತ್ತೇನೆ. ಗೌರವ ಕೊಡುವಂಥದೇನೂ ಅವಳಲ್ಲಿ ನನಗೆ ಕಾಣಲಿಲ್ಲ.

ಗಂಗಾವತಿಗೆ ಹೋದಾಗ ಕಳಕಮ್ಮನನ್ನೂ ಮಕ್ಕಳನ್ನೂ ನೋಡಿಕೊಂಡು ಬಾ.

ನಿನ್ನ ತಮ್ಮ,
ಕೊಟ್ರಬಸಪ್ಪ


ಸಿದ್ದಾಪುರ
ತಾ. ೪ ಫೆಬ್ರವರಿ ೧೯೮೩

ಚಿ. ಕೊಟ್ರಬಸಪ್ಪನಿಗೆ ಅಕ್ಕನ ಆಶೀರ್ವಾದ.

ನಿನ್ನ ಪತ್ರ ಮುಟ್ಟಿತು. ನಿನ್ನ ಹೆಂಡತಿ ಮಕ್ಕಳು ಚೆನ್ನಾಗಿದ್ದಾರೆ. ಸಂಕ್ರಮಣ ಕಳೆದ ಮೇಲೆ ನಮ್ಮ ನಾಲ್ಕೂವರೆ ಎಕರೆ ನಾಟಿ ಆರು ದಿನದಲ್ಲಿ ಮುಗಿಯಿತು. ಕರಿಯವ್ವನ ಗುಂಪೇ ಬಂದಿತ್ತು, ಅವಳೂ ಸೇರಿ ಹದಿನಾಲ್ಕು ಮಂದಿ. ಈಗ ಕಳೆ ತೆಗೆಯಲು ಬರುತ್ತಿದ್ದಾರೆ. ಬುತ್ತಿ ಬಿಚ್ಚಿದ ಹೊತ್ತಿನಲ್ಲಿ ಬದುವಿನ ಮೇಲೆ ಕುಳಿತು ನಿನ್ನ ಪತ್ರವನ್ನು ಅವರಿಗೆ ಓದಿ ಹೇಳಿದೆ. ನಾಲ್ಕು ಜನಕ್ಕೆ ಹೇಳು ಎಂದಿದ್ದೆಯಲ್ಲ, ಹದಿನಾಲ್ಕು ಜನಕ್ಕೆ ಹೇಳಿದಂತಾಯಿತು.

ಕರಿಯವ್ವ ಕೇಳಿದಳು: "ನಾಟಿ ಕಲಸಾಕ ಹೋಗ್ಯಾರಂದ್ರಿ? ನಿಮ್ಮ ತಮ್ಮಾರು ಗದ್ದಿಗೆ ಇಳಿದಿದ್ದು ನಾ ಅಂತೂ ನೋಡಿಲ್ಲರಿ."

ನಾನು ಹೇಳಿದೆ: "ಎಂಟ ವರ್ಷದಾಂವ ಇದ್ದಾಗ ಒಮ್ಮೆ ಇಳಿದಿದ್ದ. ಬದುವಿನ ಮ್ಯಾಲಿಂದ ಜಾರಿ ಬಿದ್ದು."

ಅವರು ನಕ್ಕಿದ್ದು ಕಾಲುವೆಯ ಆಚೆ ದಂಡೆಗೂ ಕೇಳಿಸಿರಬೇಕು.

ಆ ಜನರನ್ನು ಬೈದ ಭಾಗವನ್ನು ನಾನು ಎರಡು ಸಲ ಓದಿದೆ. ಕೃಷಿ ಕಚೇರಿಗೆ ಬೀಜ ಕೇಳಲು ಬರುವ ಕುಷ್ಟಗಿ ಕಡೆಯ ಒಕ್ಕಲಿಗರನ್ನೂ ನೀನು ಇದೇ ಮಾತುಗಳಿಂದ ಬೈಯುತ್ತಿದ್ದೆ. ದೇಶ ದಾಟಿದರೂ ನಿನಗೆ ಹೊಸ ಬೈಗುಳ ಸಿಗಲಿಲ್ಲ.

ಆ ಹೆಂಗಸಿಗೆ ನೀನು ಏನು ಉತ್ತರ ಕೊಟ್ಟೆ? ಅದನ್ನು ಬರೆದಿಲ್ಲ.

ಶೇಖರಮ್ಮ


ಮೊರೊಗೊರೊ ಜಿಲ್ಲೆ
ತಾ. ೨೪ ಫೆಬ್ರವರಿ ೧೯೮೩

ಪ್ರಿಯ ಅಕ್ಕ,

ನನ್ನ ಪತ್ರಗಳನ್ನು ಕೂಲಿಯವರ ಮುಂದೆ ಓದಬೇಡ. ಸರಕಾರಿ ಕೆಲಸದ ವಿಷಯಗಳು ಇರುತ್ತವೆ.

ಇಲ್ಲಿ ಎಲ್ಲವೂ ಯೋಜನೆಯಂತೆ ನಡೆದಿದೆ. ಮೊದಲ ಸಸಿ ಮಡಿ ಹಾಕಿದೆವು. ಹವಾಮಾನದ ವೈಪರೀತ್ಯದಿಂದ ಸ್ವಲ್ಪ ಹಿನ್ನಡೆ ಆಗಿದೆ, ಚಿಂತಿಸುವಂಥದೇನೂ ಇಲ್ಲ. ವರದಿಯಲ್ಲಿ ನಮ್ಮ ಭಾಗದ ರೂಢಿಯ ಪದ್ಧತಿಯನ್ನು ತುಲನೆಗಾಗಿ ಸೇರಿಸಬೇಕೆಂದಿದ್ದೇನೆ. ಆದ್ದರಿಂದ ಒಂದು ವಿಷಯ ತಿಳಿಸು. ಕರಿಯವ್ವ ಬೀಜವನ್ನು ಎಷ್ಟು ಹೊತ್ತು ನೆನೆಹಾಕುತ್ತಾಳೆ? ಆಮೇಲೆ ಏನು ಮಾಡುತ್ತಾಳೆ? ಸಸಿ ಮಡಿಯಲ್ಲಿ ನೀರು ಎಷ್ಟು ನಿಲ್ಲಿಸುತ್ತಾಳೆ? ನನಗೆ ಗೊತ್ತಿಲ್ಲವೆಂದಲ್ಲ, ಪುಸ್ತಕದಲ್ಲಿ ಎಲ್ಲವೂ ಇದೆ. ತುಲನೆಗಾಗಿ ಅಷ್ಟೇ. ಆದಷ್ಟು ಬೇಗ ಬರೆ.

ಹವಾಬೀ ದಿನವೂ ಕಾಲುವೆಯ ಏರಿಯ ಮೇಲೆ ಕೈಕಟ್ಟಿ ನಿಲ್ಲುತ್ತಾಳೆ. ಸಸಿ ಮಡಿಯನ್ನು ನೋಡುತ್ತಾಳೆ, ಆಮೇಲೆ ನನ್ನನ್ನು ನೋಡುತ್ತಾಳೆ. ಮಾತಾಡುವುದಿಲ್ಲ. ಮಾತಾಡಿದರೆ ಕನಿಷ್ಠ ಬೈಯಬಹುದಿತ್ತು.

ಅರವತ್ತು ಮಡಿಗಳನ್ನು ಕುಟುಂಬಗಳಿಗೆ ಹಂಚಿ ಯಾದಿ ಮಾಡುವ ಕೆಲಸವನ್ನೂ ನನಗೇ ವಹಿಸಿದ್ದಾರೆ. ಎರಡೇ ದಿನದಲ್ಲಿ ಮುಗಿಸಿದೆ. ಮನೆಯ ಯಜಮಾನನ ಹೆಸರು, ಅವನ ತಂದೆಯ ಹೆಸರು, ಮಡಿಯ ಸಂಖ್ಯೆ. ನಮ್ಮ ಕಡೆಯ ಮಾದರಿಯೇ. ಮೇಲಿನವರು ಬಹಳ ಅಚ್ಚುಕಟ್ಟಾಗಿದೆ ಎಂದರು.

ಕೊಟ್ರಬಸಪ್ಪ


ಸಿದ್ದಾಪುರ
ತಾ. ೧೫ ಮಾರ್ಚ್ ೧೯೮೩

ಚಿ. ಕೊಟ್ರಬಸಪ್ಪನಿಗೆ,

ಸಸಿ ಕೊಳೆತುಹೋಯಿತು ಎಂದು ಬರೆಯಲು ನಿನಗೆ ಇಷ್ಟುದ್ದದ ಪತ್ರ ಬೇಕಾಯಿತೆ? ಹವಾಮಾನವಂತೆ, ತುಲನೆಯಂತೆ.

ಕರಿಯವ್ವನನ್ನು ಕೇಳಿದೆ. ಅವಳು ಹೇಳಿದ್ದನ್ನು ಹಾಗೆಯೇ ಬರೆಯುತ್ತಿದ್ದೇನೆ. ಇದು ನಿನಗಲ್ಲ, ಹವಾಬೀಗೆ. ಆ ಗುಜರಾತಿಯನ್ನು ಪಕ್ಕದಲ್ಲಿ ಕೂಡಿಸಿಕೊಂಡು, ಒಂದು ಮಾತೂ ಸೇರಿಸದೆ ಅವಳಿಗೆ ಓದಿ ಹೇಳು.

"ತಂಗೀ, ಬೀಜ ಒಂದು ಹಗಲು ಒಂದು ರಾತ್ರಿ ನೀರಾಗ ಇರಲಿ, ಹೆಚ್ಚು ಬ್ಯಾಡ. ತೇಲಿದ ಜೊಳ್ಳು ತಗದು ಚೆಲ್ಲು. ಆಮ್ಯಾಲ ನೀರು ಬಸಿದು ಹಸಿ ಗೋಣಿಚೀಲದಾಗ ಕಟ್ಟಿ, ಮ್ಯಾಲ ಕಲ್ಲು ಹೇರಿ, ಬೆಚ್ಚನ ಮೂಲ್ಯಾಗ ಇಡು. ನಡುನಡುಕ ಕೈ ಹಾಕಿ ನೋಡು. ಭಾಳ ಬಿಸಿ ಆತಂದ್ರ ನೀರು ಚಿಮುಕಿಸು. ಮೂತಿ ಬಿಳೇದಾಗಿ ಒಡೀತಂದ್ರ ಸಂಜಿ ಮುಂದ ಎರಚು. ಬೆಳಿಗ್ಗೆ ಎದ್ದು ಮಡಿಯಾಗಿನ ನೀರು ಬಿಟ್ಟುಬಿಡು. ಬಿಸಲಿಗೆ ನಿಂತ ನೀರು ಕಾದು ಕೂಸಿನಂಥ ಮೊಳಕಿ ಬೇಯ್ತದ. ನೆಲ ಹಸಿ ಇದ್ರ ಸಾಕು, ಕೆರಿ ಮಾಡಬ್ಯಾಡ."

ನೀನು ಕೆರೆ ಮಾಡಿದ್ದೀ, ಅಲ್ಲವೆ? ಇಷ್ಟು ಹೇಳಿ ಕರಿಯವ್ವ ಆಮೇಲೆ ಕೇಳಿದಳು, "ಇದನ್ನ ಹೇಳಾಕ ಒಬ್ಬ ಅಧಿಕಾರಿನ್ನ ವಿಮಾನದಾಗ ಕಳಿಸ್ಯಾರೇನ್ರಿ? ನನ್ನ ಕೇಳಿದ್ರ ನಾ ಹೋಗತಿದ್ನೆಲ್ಲ!"

ಇನ್ನೊಂದು ಸಂಗತಿ. ಗಂಗಾವತಿಯ ಮಿಲ್ಲಿನ ಅಮರಪ್ಪ ಹೋದ ವಾರ ನಮ್ಮ ಹೊಲಕ್ಕೆ ಬಂದಿದ್ದ. ಬದುವಿನ ಮೇಲೆ ಹೆಜ್ಜೆ ಎಣಿಸುತ್ತ ಒಂದು ಸುತ್ತು ಹಾಕಿದ. ಮಜ್ಜಿಗೆ ಕೊಟ್ಟೆ, ಕುಡಿದ. ಏಕೆ ಬಂದೆ ಎಂದು ನಾನು ಕೇಳಲಿಲ್ಲ, ಅವನೂ ಹೇಳಲಿಲ್ಲ. ನಿನ್ನ ಪತ್ರಕ್ಕಾಗಿ ಕಾಯುತ್ತೇನೆ.

ಶೇಖರಮ್ಮ


ಮೊರೊಗೊರೊ ಜಿಲ್ಲೆ
ತಾ. ೧೦ ಏಪ್ರಿಲ್ ೧೯೮೩

ಪ್ರಿಯ ಅಕ್ಕ,

ಎರಡನೆಯ ಸಸಿ ಮಡಿ ಹಸಿರು ಚಾದರ ಹಾಸಿದಂತೆ ಬಂದಿದೆ. ನಾನು ಪದ್ಧತಿಯಲ್ಲಿ ಕೆಲವು ಸುಧಾರಣೆಗಳನ್ನು ಮಾಡಿದ್ದರ ಫಲ. ಮೇಲಿನವರು ಫೋಟೋ ತೆಗೆದುಕೊಂಡು ಹೋದರು.

ಕರಿಯವ್ವನ ಮಾತನ್ನು ಹವಾಬೀಗೆ ಓದಿ ಹೇಳಿಸಿದೆ. ಗೋಣಿಚೀಲದ ಮಾತು ಬಂದಾಗ ಎರಡು ಸಲ ಕೇಳಿ ಗಟ್ಟಿ ಮಾಡಿಕೊಂಡಳು. ಚೀಲದೊಳಗೆ ಕೈಹಾಕಿ ನೋಡಿದವಳೂ ಅವಳೇ. ನಿನಗೆ ಎರಡು ಪ್ರಶ್ನೆ ಕಳಿಸಿದ್ದಾಳೆ: ಸಸಿಯನ್ನು ಎಷ್ಟು ಆಳಕ್ಕೆ ಊರಬೇಕು, ನಿಮ್ಮಲ್ಲಿ ಹಕ್ಕಿಗಳ ಕಾಟಕ್ಕೆ ಏನು ಮಾಡುತ್ತೀರಿ? ನಾನು ಇಲ್ಲಿ ಅಧಿಕಾರಿಯೋ ನಿಮ್ಮ ಟಪಾಲಿನವನೋ ತಿಳಿಯದಾಗಿದೆ.

ಅಮರಪ್ಪನ ವಿಷಯ. ನಾನೇ ಬರೆಯುವವನಿದ್ದೆ. ಹೊಲವನ್ನು ಹತ್ತು ವರ್ಷಕ್ಕೆ ಅವನಿಗೆ ಗುತ್ತಿಗೆ ಕೊಡಬೇಕೆಂದಿದ್ದೇನೆ. ಇಲ್ಲಿಂದ ಬಂದ ಮೇಲೆ ನನಗೆ ರಾಯಚೂರಿಗೆ ಬಡ್ತಿ ಸಿಗುವುದು ನಿಶ್ಚಯ. ದೊಡ್ಡ ಮನೆ ಕೊಡುತ್ತಾರೆ, ಅದರಲ್ಲಿ ನಿನಗೂ ಒಂದು ಕೋಣೆ. ಮಕ್ಕಳಿಗೂ ನಿನ್ನ ರೂಢಿ ಇದೆ. ವಿದೇಶಕ್ಕೆ ಹೋಗಿಬಂದ ಅಧಿಕಾರಿಯ ಅಕ್ಕ ಮೊಣಕಾಲುದ್ದ ಕೆಸರಿನಲ್ಲಿ ಕೂಲಿಯವರ ಜೊತೆ ನಿಂತಿರುತ್ತಾಳೆ ಎಂದರೆ ಜನ ಏನು ತಿಳಿದಾರು? ನಿನ್ನ ಒಳ್ಳೆಯದಕ್ಕಾಗಿಯೇ ಇದನ್ನು ಮಾಡಿದೆ. ಅಮರಪ್ಪ ಕಾಗದ ತರುತ್ತಾನೆ, ನಿನ್ನ ತಕರಾರಿಲ್ಲ ಎಂದು ಒಂದು ಸಹಿ ಹಾಕಿಬಿಡು.

ಕೊಟ್ರಬಸಪ್ಪ


ಸಿದ್ದಾಪುರ
ತಾ. ೨೮ ಏಪ್ರಿಲ್ ೧೯೮೩

ಕೊಟ್ರಬಸಪ್ಪನಿಗೆ,

ಹವಾಬೀಗೆ ಹೇಳು: ಎರಡು ಬೆರಳಿನಷ್ಟು ಆಳ ಸಾಕು. ಆಳಕ್ಕೆ ಊರಿದರೆ ಬುಡದಲ್ಲಿ ಮರಿ ತೆಂಡೆ ಒಡೆಯುವುದಿಲ್ಲ. ಹಕ್ಕಿಗೆ ನಾವೂ ಡಬ್ಬಿ ಬಾರಿಸುತ್ತೇವೆ, ಹಕ್ಕಿಗಳು ಅದನ್ನು ಕೇಳುತ್ತ ತಿನ್ನುತ್ತವೆ. ಅವಳಿಗೆ ಬೇರೆ ಉಪಾಯ ಗೊತ್ತಿದ್ದರೆ ನಮಗೆ ಬರೆಯಿಸಲಿ.

ಇನ್ನು ನಿನ್ನ ವಿಷಯ.

ಅಮರಪ್ಪ ನಿನ್ನ ಪತ್ರಕ್ಕಿಂತ ನಾಲ್ಕು ದಿನ ಮೊದಲೇ ಬಂದ. ನಾವು ಕೊಯ್ಲಿನಲ್ಲಿದ್ದೆವು. "ಅಕ್ಕಾರ, ನಿಮ್ಮ ತಮ್ಮಾರು ಎಲ್ಲಾ ಮಾತಾಡ್ಯಾರ. ಇಲ್ಲೊಂದು ಸಹಿ ಹಾಕಿದ್ರ ಮುಗೀತು. ಇನ್ನ ಮ್ಯಾಲ ನೀವು ಆರಾಮ ಕೂತು ಉಣ್ರಿ" ಎಂದ.

"ಕೂತು ಉಣ್ಣಾಕ ನಾ ಏನು ಜಡ್ಡಿಗೆ ಬಿದ್ದೀನೇನು?" ಎಂದೆ. ಕಾಗದವನ್ನು ಮಡಚಿ ಅವನ ಕೈಗೇ ಕೊಟ್ಟೆ.

ಮರುದಿನ ಬಸ್ಸು ಹತ್ತಿ ಗಂಗಾವತಿಯ ತಹಸೀಲ ಕಚೇರಿಗೆ ಹೋದೆ. ಪಹಣಿಯಲ್ಲಿ ಒಡೆಯನ ಹೆಸರಿಗೊಂದು ಕಲಂ, ಸಾಗುವಳಿ ಮಾಡುವವರ ಹೆಸರಿಗೊಂದು ಕಲಂ ಇರುತ್ತದೆ. ಎರಡರಲ್ಲೂ ನೀನೇ ಇದ್ದೆ. ನನ್ನ ಗಂಡ ತೀರಿಕೊಂಡು ನಾನು ತವರಿಗೆ ಬಂದು ಹನ್ನೊಂದು ವರ್ಷವಾಯಿತು. ಹನ್ನೊಂದು ವರ್ಷ ನೀನು ಗಂಗಾವತಿಯ ಕುರ್ಚಿಯ ಮೇಲೆ ಕುಳಿತು ಸಿದ್ದಾಪುರದಲ್ಲಿ ಸಾಗುವಳಿ ಮಾಡಿದ್ದೀ! ಅರ್ಜಿ ಬರೆದುಕೊಟ್ಟೆ. ಐದನೆಯ ದಿನ ಗ್ರಾಮ ಲೆಕ್ಕಿಗ ಹೊಲಕ್ಕೆ ಬಂದು, "ಈ ಹೊಲ ಯಾರು ಮಾಡ್ತಾರ?" ಎಂದು ಕೇಳಿದ. ಹದಿನಾಲ್ಕು ಮಂದಿ ಒಮ್ಮೆಲೇ ಹೇಳಿದ್ದಕ್ಕೆ ಅವನ ಕೈಯಿಂದ ಪೆನ್ನು ಬಿತ್ತು. ಕರಿಯವ್ವ ಪಂಚನಾಮೆಗೆ ಮೊದಲ ಹೆಬ್ಬೆಟ್ಟು ಒತ್ತಿದಳು.

ಸಾಗುವಳಿಯ ಕಲಮಿನಲ್ಲಿ ಈಗ ನನ್ನ ಹೆಸರಿದೆ. ಒಡೆತನ ನಿನ್ನದೇ ಇರಲಿ, ಅದನ್ನು ಮುಟ್ಟಿಲ್ಲ. ಆದರೆ ನನ್ನನ್ನು ಕೇಳದೆ ಆ ಹೊಲವನ್ನು ಯಾರ ಕೈಗೂ ಕೊಡಲು ಬರುವುದಿಲ್ಲ. ಅಮರಪ್ಪನಿಗೂ ತಿಳಿಸಿದ್ದೇನೆ.

ನನಗೊಂದು ಕೋಣೆ ಎಂದಿದ್ದೀ. ಅಡಿಗೆಮನೆಗೆ ಹತ್ತಿದ ಕೋಣೆಯೇ ಇರಬೇಕು. ನನ್ನ ಕಾಲಿನ ಕೆಸರು ನಿನಗೆ ಹೇಸಿಗೆ ಎನಿಸುತ್ತದೆ. ಅದೇ ಕೆಸರಿನಲ್ಲಿ ಬೆಳೆದ ಅಕ್ಕಿ ತಿಂಗಳು ತಿಂಗಳು ನಿನ್ನ ಮನೆಗೆ ಬರುವಾಗ ಎಂದಾದರೂ ಹೇಸಿದ್ದೀಯಾ? ಒಂದು ಮಾತು ಕೇಳಬೇಕೆಂದು ನಿನಗೆ ಅನಿಸಲೇ ಇಲ್ಲ. ಅಮರಪ್ಪನಿಗೆ ಬರೆಯಲು ನಿನ್ನಲ್ಲಿ ಟಪಾಲು ಚೀಟಿ ಇತ್ತು, ನನಗೆ ಬರೆಯಲು ಇರಲಿಲ್ಲ.

ಶೇಖರಮ್ಮ


ಮೊರೊಗೊರೊ ಜಿಲ್ಲೆ
ತಾ. ೧ ಮೇ ೧೯೮೩

ಪ್ರಿಯ ಅಕ್ಕ,

ನಿನ್ನಿಂದ ಉತ್ತರವಿಲ್ಲ. ಅಮರಪ್ಪನಿಂದಲೂ ಇಲ್ಲ.

ಇಲ್ಲಿ ನನ್ನ ಮರ್ಯಾದೆ ಹೋಗುವ ಪ್ರಸಂಗ ಬಂದಿದೆ. ಸಸಿ ನಾಟಿಗೆ ಬಂದು ನಾಲ್ಕು ದಿನವಾಯಿತು. ಅರವತ್ತು ಮಡಿ ಕೆಸರು ಮಾಡಿ ನೀರು ಕಟ್ಟಿದೆ. ಹೆಂಗಸರು ಒಬ್ಬರೂ ಗದ್ದೆಗೆ ಇಳಿಯುತ್ತಿಲ್ಲ. ಮಾವಿನ ಮರದ ಕೆಳಗೆ ಕುಳಿತು ಒಬ್ಬರ ತಲೆ ಒಬ್ಬರು ಹೆಣೆಯುತ್ತಿದ್ದಾರೆ. ನಾನು ಮಾಡಿದ ಯಾದಿಯನ್ನು ಪಂಚಾಯಿತಿಯ ಗೋಡೆಗೆ ಅಂಟಿಸಿದ್ದರು. ಶಾಲೆಗೆ ಹೋಗುವ ಹುಡುಗಿಯೊಬ್ಬಳು ಅದನ್ನು ಓದಿ ಹೇಳಿದಳಂತೆ.

ಹವಾಬೀ ನನ್ನ ಮುಂದೆ ಬಂದು ನಿಂತು ಹೇಳಿದಳು: "ಯಾರ ಹೆಸರು ಬರದೀರಿ, ಅವರನ್ನ ಕರೀರಿ. ಅವರೇ ಹಚ್ಚಲಿ."

ಗಂಡಸರನ್ನು ಕರೆದೆ. ಹನ್ನೆರಡು ಜನ ಬಂದರು. ಅರ್ಧ ಸಸಿಯ ಬೇರು ಕೀಳುವಾಗಲೇ ಹರಿಯಿತು. ಹಚ್ಚಿದ ಎರಡು ಮಡಿ ಮರುದಿನ ನೀರಿನ ಮೇಲೆ ತೇಲುತ್ತಿತ್ತು. ಮೂರನೆಯ ದಿನ ಯಾರೂ ಬರಲಿಲ್ಲ.

ಇಂಥ ಹಟಮಾರಿ, ಉಪಕಾರಗೇಡಿ ಜನರನ್ನು ನಾನು ಕಂಡಿಲ್ಲ. ಗಂಡನ ಹೆಸರಿನಲ್ಲಿದ್ದರೆ ಏನು, ಹೆಂಡತಿಯ ಹೆಸರಿನಲ್ಲಿದ್ದರೆ ಏನು? ಉಣ್ಣುವುದು ಒಂದೇ ಮನೆಯಲ್ಲಿ ತಾನೆ? ಇದೇ ಇಪ್ಪತ್ತಕ್ಕೆ ತಪಾಸಣೆಗೆ ಬರುತ್ತಾರೆ. ನೀನು ನನ್ನ ಜಾಗದಲ್ಲಿದ್ದರೆ ಏನು ಮಾಡುತ್ತಿದ್ದೆ?

ಕೊಟ್ರಬಸಪ್ಪ


ಮೊರೊಗೊರೊ ಜಿಲ್ಲೆ
ತಾ. ೧೮ ಮೇ ೧೯೮೩

ಅಕ್ಕ,

ನಿನ್ನ ಏಪ್ರಿಲ್ ಪತ್ರ ಮೊನ್ನೆ ಮುಟ್ಟಿತು. ಒಡಹುಟ್ಟಿದವನ ಮೇಲೆ ತಹಸೀಲ ಕಚೇರಿಗೆ ಅರ್ಜಿ! ನಾನು ಸಮುದ್ರದಾಚೆ ಇರುವಾಗ! ಈ ಹವಾಬೀಯೂ ನೀನೂ ಕೂಡಿ ಮಾಡಿದ ಪಿತೂರಿಯೇ ಇದು ಎಂದು ಒಂದು ಗಳಿಗೆ ಅನಿಸಿತು. ನಿಮ್ಮಿಬ್ಬರ ನಡುವೆ ಪತ್ರ ಒಯ್ದವನು ನಾನೇ, ಆದ್ದರಿಂದ ಪಿತೂರಿ ಇಲ್ಲ ಎಂಬುದು ಗೊತ್ತಿದೆ. ಅದೇ ಹೆಚ್ಚು ಸಿಟ್ಟು ತರಿಸುತ್ತದೆ.

ಗುಜರಾತಿಯ ಅಂಗಡಿಯಲ್ಲಿ ಪತ್ರ ಒಡೆದಾಗ ಹವಾಬೀ ಅಲ್ಲೇ ಉಪ್ಪು ಕೊಳ್ಳುತ್ತಿದ್ದಳು. "ನಿಮ್ಮಕ್ಕ ಏನ್ ಬರದಾಳ?" ಎಂದಳು. ಆಳದ ಮಾತು ಹೇಳಿದೆ, ಹಕ್ಕಿಯ ಮಾತು ಹೇಳಿದೆ. ಉಳಿದದ್ದು ಮನೆಯವರ ಆರೋಗ್ಯದ ಸುದ್ದಿ ಎಂದೆ. ಅವಳು ಹಾಳೆಗಳನ್ನು ನೋಡಿ, "ಎರಡು ಹಾಳಿ ತುಂಬ ಆರೋಗ್ಯೇನು?" ಎಂದಳು. ನಾನು ಪತ್ರವನ್ನು ಜೇಬಿಗೆ ಹಾಕಿಕೊಂಡು ಬಂದೆ.

ಇರಲಿ. ನಿನ್ನೆ ಯಾದಿಯನ್ನು ಬದಲಿಸಿದೆ. ಮರದ ಕೆಳಗೆ ಮೇಜು ಹಾಕಿಸಿ, ಯಾವ ಮಡಿಯಲ್ಲಿ ಯಾರು ಗೇಯುತ್ತಾರೋ ಅವರ ಹೆಸರು ಬರೆದೆ. ಐವತ್ತೆರಡು ಹೆಂಗಸರು, ಎಂಟು ಗಂಡಸರು. ಉಳಿದ ಗಂಡಸರು ಗೊಣಗಿದರು, ಆದರೆ ತೇಲಿದ ಎರಡು ಮಡಿಗಳನ್ನು ಎಲ್ಲರೂ ನೋಡಿದ್ದರು. ಇದನ್ನು ನಾನು ಹೆದರಿ ಮಾಡಿದ್ದಲ್ಲ. ವರದಿಯಲ್ಲಿ 'ಮಹಿಳೆಯರ ಸಹಭಾಗಿತ್ವ' ಎಂಬ ಶೀರ್ಷಿಕೆ ಕೊಟ್ಟು ಒಂದು ಪುಟ ಬರೆದಿದ್ದೇನೆ. ಈಗಿನ ಕಾಲಕ್ಕೆ ಅದು ತೂಕದ ವಿಷಯ.

ಹೊಲದ ವಿಷಯವನ್ನು ಬಂದ ಮೇಲೆ ಮಾತಾಡುವೆ.

ಕೊಟ್ರಬಸಪ್ಪ


ಸಿದ್ದಾಪುರ
ತಾ. ೭ ಜೂನ್ ೧೯೮೩

ಚಿ. ಕೊಟ್ರಬಸಪ್ಪನಿಗೆ,

ನಿನ್ನ ಎರಡೂ ಪತ್ರಗಳು ಒಂದರ ಹಿಂದೆ ಒಂದು ಬಂದವು. ನನ್ನನ್ನು ಕೇಳಿದ ಪ್ರಶ್ನೆಗೆ ನಾನು ಉತ್ತರ ಬರೆಯುವ ಮೊದಲೇ ನೀನು ಉತ್ತರ ಮಾಡಿ ಮುಗಿಸಿದ್ದೀ.

ಹೆದರಿ ಬರೆದೆಯೋ ಹೆಸರು ಮಾಡಲು ಬರೆದೆಯೋ, ನನಗೆ ಬೇಕಿಲ್ಲ. ಆ ಐವತ್ತೆರಡು ಮಂದಿಗೂ ಬೇಕಾಗಿರಲಿಕ್ಕಿಲ್ಲ. ಹೆಸರು ಬಿತ್ತು, ಸಾಕು. ಆದರೆ ಅದು ನಿನ್ನ ತಲೆಯಿಂದ ಹುಟ್ಟಿದ್ದು ಎಂದು ಪುಟ ತುಂಬ ಬರೆದಿದ್ದೀಯಲ್ಲ, ಆ ಪುಟವನ್ನು ಹವಾಬೀ ಓದಲಾರಳು ಎಂಬ ಧೈರ್ಯದ ಮೇಲೆ ಬರೆದದ್ದು. ನಿನ್ನ ಧೈರ್ಯವೆಲ್ಲ ಅಂಥದೇ.

ನಾಟಿಯ ದಿನ ನೀನು ಎಲ್ಲಿದ್ದೆ? ಅದನ್ನು ಬರೆ.

ಶೇಖರಮ್ಮ


ಮೊರೊಗೊರೊ ಜಿಲ್ಲೆ
ತಾ. ೨೬ ಜೂನ್ ೧೯೮೩

ಅಕ್ಕ,

ನಾಟಿ ನಾಲ್ಕು ದಿನ ನಡೆಯಿತು. ಮೊದಲ ಎರಡು ದಿನ ನಾನು ಏರಿಯ ಮೇಲೆ ಛತ್ರಿ ಹಿಡಿದುಕೊಂಡು ನಿಂತಿದ್ದೆ. ಎರಡನೆಯ ದಿನ ತಪಾಸಣೆಯವರು ಬಂದು ಫೋಟೋ ತೆಗೆದು, ನನ್ನ ಕೈ ಕುಲುಕಿ ಹೋದರು. ಮೂರನೆಯ ದಿನ ಹವಾಬೀ ಬಂದು ನನ್ನ ಕೈಗೆ ಒಂದು ಸಸಿ ಕಟ್ಟು ಕೊಟ್ಟಳು. ಎಲ್ಲರೂ ನೋಡುತ್ತಿದ್ದರು. ಬೂಟು ಕಳಚಿ, ಪ್ಯಾಂಟು ಮಡಚಿ ಇಳಿದೆ. ಒಂದು ಸಾಲು ಹಚ್ಚಲು ಎಷ್ಟು ಹೊತ್ತು ಹಿಡಿಯಿತೋ ಗೊತ್ತಿಲ್ಲ. ಸೊಂಟ ಬಿದ್ದುಹೋಯಿತು. ಮೇಲೆ ಬಂದಾಗ ಕಾಲಿಗೆ ಎರಡು ಜಿಗಣೆ ಇದ್ದವು. ಒಬ್ಬ ಮುದುಕಿ ಉಪ್ಪು ಹಾಕಿ ತೆಗೆದಳು.

ಆಗಸ್ಟ್ ಹತ್ತಕ್ಕೆ ಇಲ್ಲಿಂದ ಹೊರಡುತ್ತೇನೆ. ಕೊಯ್ಲು ನೋಡಲು ಸಿಗುವುದಿಲ್ಲ. ಹವಾಬೀ ನಿನಗೆ ಒಂದು ಪತ್ರ ಹೇಳಿ ಬರೆಯಿಸಿದ್ದಾಳೆ. ಗುಜರಾತಿ ಹಿಂದಿಯಲ್ಲಿ ಹೇಳಿದ, ನಾನು ಕನ್ನಡಕ್ಕೆ ತಂದಿದ್ದೇನೆ. ಏನನ್ನೂ ಸೇರಿಸಿಲ್ಲ, ಏನನ್ನೂ ಬಿಟ್ಟಿಲ್ಲ.

"ಅಕ್ಕಾ, ಗೋಣಿಚೀಲದ ಮಾತು ಛಲೋ ಆತು. ಹಕ್ಕಿಗೆ ನಾವು ಮೀನಿನ ಹಳೀ ಬಲಿ ಎಳೀತೀವಿ, ಮಡಿ ಮ್ಯಾಲ ಮೊಳ ಎತ್ತರಕ್ಕ. ಮಾಡಿ ನೋಡು. ನಿನ್ನ ತಮ್ಮನ ಕೈ ಕೂಸಿನ ಕೈ ಇದ್ದಂಗ ಅದಾವ. ಆರು ತಿಂಗಳಾಗ ಅವಗ ಒಂದು ಸಾಲು ಹಚ್ಚೋದು ಕಲಿಸೇವಿ, ಇನ್ನೂ ಕಲ್ತಿಲ್ಲ. ಅವ ಹಚ್ಚಿದ ಸಾಲು ಭಾಳ ಸೊಟ್ಟ ಇತ್ತು. ಅವ ಮನಿಗೆ ಹೋದ ಮ್ಯಾಲ ನಾವು ಕಿತ್ತು ಮತ್ತ ಹಚ್ಚಿದ್ವಿ. ಆದ್ರ ನಮ್ಮ ಹೆಸರು ಬರದ."

ಕಿತ್ತಿದ್ದು ನನಗೆ ಗೊತ್ತಿರಲಿಲ್ಲ. ಇದನ್ನು ಬರೆದುಕೊಳ್ಳುವಾಗಲೇ ತಿಳಿಯಿತು.

ಹೊಲದ ಬಗ್ಗೆ ಬಂದ ಮೇಲೆ ಮಾತಾಡುವೆ ಎಂದಿದ್ದೆ. ಮಾತಾಡುವಂಥದು ಏನೂ ಉಳಿದಿಲ್ಲ. ಗುತ್ತಿಗೆ ಬೇಡವೆಂದು ಅಮರಪ್ಪನಿಗೆ ಬರೆದು ಹಾಕಿದ್ದೇನೆ.

ಕೊಟ್ರಬಸಪ್ಪ


ಸಿದ್ದಾಪುರ
ತಾ. ೧೬ ಜುಲೈ ೧೯೮೩

ಚಿ. ಕೊಟ್ರಬಸಪ್ಪನಿಗೆ ಅಕ್ಕನ ಆಶೀರ್ವಾದ.

ಕಾಲುವೆಗೆ ನೀರು ಬಿಟ್ಟಿದ್ದಾರೆ. ಸಸಿ ಮಡಿ ಹಾಕಿ ಎಂಟು ದಿನವಾಯಿತು. ನೀನು ಊರು ಮುಟ್ಟುವ ಹೊತ್ತಿಗೆ ನಾಟಿಗೆ ಇನ್ನೂ ಒಂದೆರಡು ದಿನ ಇರುತ್ತದೆ. ಬಲೆಯ ಉಪಾಯ ಮಾಡಬೇಕೆಂದು ಹೊಳೆಯ ದಂಡೆಯ ಊರಿನಿಂದ ಎರಡು ಹರಿದ ಬಲೆ ತರಿಸಿದ್ದೇನೆ. ಹವಾಬೀಗೆ ಹೇಳು.

ಬರಬೇಡ ಎಂದು ಬರೆಯಲು ಕುಳಿತಿದ್ದೆ. ಈ ವರ್ಷ ನೀನು ಕಣ್ಣಿಗೆ ಬೀಳದಿದ್ದರೆ ಒಳ್ಳೆಯದು ಎಂದೇ ಮನಸ್ಸಿನಲ್ಲಿತ್ತು. ಅಷ್ಟರಲ್ಲಿ ಕರಿಯವ್ವ ಬಂದಳು. ಅವಳಿಗೆ ಹವಾಬೀಯ ಮಾತನ್ನು ಓದಿ ಹೇಳಿದೆ. ಸಾಲು ಕಿತ್ತ ಜಾಗಕ್ಕೆ ಬಂದಾಗ ಅವಳು ನಗುತ್ತಾಳೆ ಎಂದುಕೊಂಡಿದ್ದೆ. ನಗಲಿಲ್ಲ.

"ಇದನ್ನ ಅವರ ಕೈಲೇ ಬರದಾರೇನ್ರಿ?" ಎಂದಳು.

"ಅವನ ಅಕ್ಷರಾನ. ನೋಡು."

ಅವಳಿಗೆ ಓದು ಬರುವುದಿಲ್ಲ. ಆದರೂ ಹಾಳೆಯನ್ನು ಕೈಗೆ ತೆಗೆದುಕೊಂಡು ಬಹಳ ಹೊತ್ತು ನೋಡಿದಳು. ಆಮೇಲೆ ಮಡಚಿ ನನಗೆ ಕೊಟ್ಟು ಹೇಳಿದಳು:

"ಹಂಗಾದ್ರ ಬರಾಕ ಹೇಳ್ರಿ. ನನ್ನ ಗುಂಪಿನ್ಯಾಗ ಕಡೀ ಸಾಲು ಕೊಡ್ತೀನಿ. ಸೊಟ್ಟ ಹಚ್ಚಿದ್ರ ಕೀಳ್ತೀನಿ. ಆದ್ರ ಹೋದ ಮ್ಯಾಲ ಅಲ್ಲ, ಅವರ ಎದುರಿಗೇ ಕೀಳ್ತೀನಿ."

ಶೇಖರಮ್ಮ